ಸೂರ್ಯಕಾಂತಿ ಹಾಕಿದರೆ ಮಣ್ಣಿನ ಸೀಸ ಹೋಗುತ್ತದಾ?

ಚಿಕ್ಕಪ್ಪ: (ಫಾರ್ವರ್ಡ್) ಮಣ್ಣಿನಲ್ಲಿ ಸೀಸ, ಪಾದರಸ ಏನೇ ಇರಲಿ, ಒಂದು ಬೆಳೆ ಸೂರ್ಯಕಾಂತಿ ಹಾಕಿ ಸಾಕು. ವಿಷವನ್ನೆಲ್ಲ ಹೀರಿಬಿಡುತ್ತದೆ. ಅಣುಸ್ಥಾವರ ಸ್ಫೋಟವಾದ ಚೆರ್ನೋಬಿಲ್‌ನಲ್ಲೂ ಇದನ್ನೇ ಮಾಡಿದ್ದು! ಎಲ್ಲರಿಗೂ ಕಳಿಸಿ.

ಚಿಕ್ಕಪ್ಪ: ಹಿತ್ತಲಲ್ಲಿ ಮೊದಲು ಹಳೇ ಬ್ಯಾಟರಿ ಒಡೆಯುತ್ತಿದ್ದರಲ್ಲ, ಅಲ್ಲಿ ಹೋದ ವರ್ಷ ಇದನ್ನೇ ಹಾಕಿ ಕಿತ್ತಾಯಿತು. ಈ ಸಲ ಸೊಪ್ಪು ಹಾಕುತ್ತೇನೆ.

ಅಕ್ಕ: ಒಳ್ಳೇದಾಯ್ತು ಚಿಕ್ಕಪ್ಪ 👏

ನಾನು: ಚಿಕ್ಕಪ್ಪ, ದಯವಿಟ್ಟು ಸೊಪ್ಪು ಮಾತ್ರ ಬೇಡ. ಬ್ಯಾಟರಿ ಒಡೆದ ಜಾಗ ಅಂದರೆ ಸೀಸ. ಅದು ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡು ಕೂತಿರುತ್ತದೆ, ಬೇರಿಗೆ ಸುಲಭವಾಗಿ ಸಿಗುವುದೇ ಇಲ್ಲ. ಸಿಕ್ಕಿದ್ದೂ ಹೆಚ್ಚಾಗಿ ಬೇರಲ್ಲೇ ನಿಲ್ಲುತ್ತದೆ. ಒಂದು ಬೆಳೆ ಏನು, ಎಷ್ಟೋ ವರ್ಷ ಬೆಳೆದರೂ ಮಣ್ಣು ಖಾಲಿ ಆಗುವುದಿಲ್ಲ.

ಚಿಕ್ಕಪ್ಪ: ಹಾಗಾದರೆ ಚೆರ್ನೋಬಿಲ್‌ದು ಸುಳ್ಳಾ?

ನಾನು: ಸುಳ್ಳಲ್ಲ, ಅರ್ಧ ನಿಜ. ಅಲ್ಲಿ ಕೊಳದ ಮೇಲೆ ತೆಪ್ಪ ತೇಲಿಸಿ ಸೂರ್ಯಕಾಂತಿ ಬೆಳೆಸಿದ್ದರು, ಬೇರು ನೇರವಾಗಿ ನೀರಿನಲ್ಲೇ ಇಳಿಬಿದ್ದಿತ್ತು. ಹೀರಿದ್ದು ಸೀಸ ಅಲ್ಲ, ವಿಕಿರಣದ ಸೀಸಿಯಂ, ಸ್ಟ್ರಾಂಷಿಯಂ. 2011ರಲ್ಲಿ ಜಪಾನಿನ ಫುಕುಶಿಮಾ ಅಣುಸ್ಥಾವರದ ಅಪಘಾತ ಆದ ಮೇಲೆ ಹೊಲದ ಮಣ್ಣಿನಲ್ಲೇ ಹಾಕಿ ನೋಡಿದರು. ಜೇಡಿಮಣ್ಣು ಸೀಸಿಯಂ ಅನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಅಕ್ಕ: ಗಿಡ ಹೀರುವುದೇ ಇಲ್ಲ ಅಂದಮೇಲೆ ಸೊಪ್ಪು ತಿಂದರೆ ಏನು? ನೀನೇ ಎರಡು ಥರ ಮಾತಾಡುತ್ತಿದ್ದೀಯ.

ನಾನು: ಎರಡೂ ನಿಜ ಅಕ್ಕ. ಮಣ್ಣು ತೊಳೆಯೋಕೆ ಏನೇನೂ ಸಾಲದ ಸೀಸ, ಮಕ್ಕಳ ಮೈಗೆ ಜಾಸ್ತಿಯೇ. ಅದರಲ್ಲೂ ಎಲೆಗೆ ಮೆತ್ತಿದ ಮಣ್ಣು. ಮಳೆಹನಿಗೆ ಸಿಡಿದದ್ದು ದಂಟಿನ ಬುಡದ ಮಡಿಕೆಯಲ್ಲಿ ಕೂತರೆ ಮೂರು ಸಲ ತೊಳೆದರೂ ಬೆರಳಿಗೆ ಸಣ್ಣ ಮರಳು ಸಿಗುತ್ತದೆ, ನೋಡಿದ್ದೀಯಲ್ಲ. ಕ್ಯಾಡ್ಮಿಯಂ ಅನ್ನೋ ಇನ್ನೊಂದು ವಿಷಲೋಹ ಇದ್ದರಂತೂ ತೊಳೆದೂ ಪ್ರಯೋಜನ ಇಲ್ಲ. ಜಿಂಕ್ ಬರುವ ದಾರಿಯಲ್ಲೇ ಅದೂ ಬೇರಿನೊಳಗೆ ನುಗ್ಗಿ ಎಲೆಗೇ ಹೋಗಿ ಸೇರುತ್ತದೆ, ಗಿಡ ಮಾತ್ರ ಹಸಿರಾಗಿ ಚೆನ್ನಾಗಿ ಕಾಣುತ್ತಿರುತ್ತದೆ. ಜಪಾನಿನ ಜಿಂಜೂ ನದಿ ಬದಿಯಲ್ಲಿ ಕ್ಯಾಡ್ಮಿಯಂ ಇದ್ದ ಗಣಿಯ ನೀರು ಹರಿದ ಗದ್ದೆಯ ಅಕ್ಕಿ ಉಂಡವರಿಗೆ ಮೂಳೆ ಮುರಿಯುವ ಕಾಯಿಲೆ ಬಂತು. ಅದರ ಹೆಸರೇ ಇಟಾಯಿ-ಇಟಾಯಿ, ಅಂದರೆ ನೋವು, ನೋವು.

ಚಿಕ್ಕಪ್ಪ: ಲೋಹ ಹೀರುವ ಗಿಡ ಇಲ್ಲವೇ ಇಲ್ವಾ ಹಾಗಾದರೆ?

ನಾನು: ಇವೆ ಚಿಕ್ಕಪ್ಪ. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದಲ್ಲಿ ಒಂದು ಮರ ಇದೆ, ತೊಗಟೆ ಗೀರಿದರೆ ನೀಲಿ-ಹಸಿರು ಹಾಲು ಬರುತ್ತದೆ, ಒಣಗಿದ ಹಾಲಿನಲ್ಲಿ ಸುಮಾರು ಕಾಲು ಭಾಗ ನಿಕಲ್! ಆರ್ಸೆನಿಕ್ ಹೀರುವ ಜರೀಗಿಡವೂ ಇದೆ. ಆದರೆ ಒಂದರ ಕೆಲಸ ಇನ್ನೊಂದು ಮಾಡುವುದಿಲ್ಲ. ಮತ್ತೆ, ಗಿಡ ಕೊಳೆಯುತ್ತದೆ, ಲೋಹ ಕೊಳೆಯುವುದಿಲ್ಲ. ಕಿತ್ತ ಸೂರ್ಯಕಾಂತಿ ಎಲ್ಲಿ ಹಾಕಿದಿರಿ?

ಚಿಕ್ಕಪ್ಪ: ಗೊಬ್ಬರದ ಗುಂಡಿಗೆ. ಬೇರು ಸಮೇತ.

ನಾನು: ಆ ಗೊಬ್ಬರ ಎಲ್ಲೂ ಹಾಕಬೇಡಿ. ಸುಡಲೂ ಬೇಡಿ, ಬೂದಿ ಹಾರುತ್ತದೆ. ಮೊದಲು ಮಣ್ಣು, ಗೊಬ್ಬರ ಎರಡನ್ನೂ ಲ್ಯಾಬ್‌ಗೆ ಕಳಿಸೋಣ. ಅಲ್ಲಿಯವರೆಗೆ ಸೊಪ್ಪು ಬೇಕಾದರೆ ಬೇರೆ ಮಣ್ಣು ತಂದು ಕುಂಡದಲ್ಲಿ ಬೆಳೆಯಿರಿ. ಬರಿ ನೆಲಕ್ಕೆ ಹುಲ್ಲು ಹಿಡಿಸಿ, ಧೂಳು ಏಳಬಾರದು. ಮಕ್ಕಳು ಆಡುವುದೂ ಅಲ್ಲೇ ಅಲ್ವಾ.

ಚಿಕ್ಕಪ್ಪ: ಸರಿ. ಆದರೆ ಗುಂಡಿಯಿಂದ ಎರಡು ಬುಟ್ಟಿ ಗೊಬ್ಬರ ನಿಮ್ಮ ಅಕ್ಕ ತಗೊಂಡು ಹೋಗಿದ್ದಾಳೆ.

ಅಕ್ಕ: ಇನ್ನೂ ಹಾಕಿಲ್ಲ. ಈಗಲೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದೆ. ಲ್ಯಾಬ್‌ಗೆ ಎಷ್ಟು ಬೇಕು ಹೇಳು.