ಇಂಕಾ ಟ್ರೇಲ್: ನನ್ನ ಚೀಲವನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಬಹುದಾ?

ಬಾದಾಮಿ ಮಾಸ್ತರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಬಾದಾಮಿಯವನು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ವಯಸ್ಸು 54. ಮುಂದಿನ ಮೇ ರಜೆಯಲ್ಲಿ ಮಗಳು ನನ್ನನ್ನು ಪೆರು ದೇಶಕ್ಕೆ ಕರೆದುಕೊಂಡು ಹೋಗುತ್ತೇನೆ ಅಂತ ಹಟ ಹಿಡಿದಿದ್ದಾಳೆ. ನಾಲ್ಕು ದಿನ ನಡೆದು ಇಂಕಾ ಜನರ ಹಳೇ ಕಲ್ಲಿನ ಊರಾದ ಮಾಚು ಪಿಚು ಸೇರುವ ದಾರಿ, ಇಂಕಾ ಟ್ರೇಲ್. ಹಳೇ ಕ್ಯಾಲೆಂಡರಿನಿಂದ ಕತ್ತರಿಸಿದ ಮಾಚು ಪಿಚು ಚಿತ್ರವೊಂದು 20 ವರ್ಷದಿಂದ ನನ್ನ ಕ್ಲಾಸಿನ ಗೋಡೆಯ ಮೇಲಿದೆ. ಅದನ್ನು ತೋರಿಸುವಾಗ 1911ರಲ್ಲಿ ಅಮೆರಿಕದ ಹಿರಾಮ್ ಬಿಂಗಮ್ ಕಂಡುಹಿಡಿದ ಅಂತ ನಾನು ಹೇಳುವುದಿಲ್ಲ. ಅವನು ಹೋದಾಗ ಅಲ್ಲಿ ರೈತರು ಬೆಳೆ ತೆಗೆಯುತ್ತಿದ್ದರು, ದಾರಿ ತೋರಿಸಿದವರೂ ಅವರೇ ಅಂತ ಹೇಳುತ್ತೇನೆ.

ಈಗ ಪ್ರಶ್ನೆ. ನಾನು ದಿನಾ ಬೆಳಗ್ಗೆ ಅಗಸ್ತ್ಯತೀರ್ಥದ ದಂಡೆಯಿಂದ ಬಂಡೆಗಳ ಸಂದಿಯಲ್ಲಿ ಹತ್ತಿ ಮೇಲಿನ ಶಿವಾಲಯದವರೆಗೆ ಹೋಗಿ ಬರುತ್ತೇನೆ. ಶ್ರಾವಣದಲ್ಲಿ ಗುಡ್ಡದ ಹಾದಿ ಹಿಡಿದು ಮಹಾಕೂಟಕ್ಕೆ ನಡೆದೇ ಹೋಗುತ್ತೇವೆ. ಹತ್ತುವುದಕ್ಕೆ ತೊಂದರೆ ಇಲ್ಲ. ಇಳಿಯುವಾಗ ಎಡ ಮೊಣಕಾಲು ನೋಯುತ್ತದೆ. ಇಷ್ಟು ಅಭ್ಯಾಸ ಸಾಕಾ? ಆ ಎತ್ತರದಲ್ಲಿ ಉಸಿರಿನ ತೊಂದರೆ ಎಷ್ಟಿರುತ್ತದೆ?

ಇನ್ನೊಂದು ಮಾತು. ಸಾಮಾನು ಹೊರಲು ಹಮಾಲರು ಬರುತ್ತಾರಂತೆ. ನನ್ನ ಚೀಲವನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಿ ನಾನು ಕೈಬೀಸಿಕೊಂಡು ನಡೆಯುವುದು ಸರಿನಾ? ಮನೆಯಲ್ಲಿ ಕೇಳಿದರೆ ನಗುತ್ತಾರೆ. ನನಗೆ ಮಾತ್ರ ಅದೇ ಕೊರೆಯುತ್ತಿದೆ.

ವಿಜಯಪುರದಿಂದ ಉತ್ತರ:

ಮಾಸ್ತರೇ, ಮೊದಲು ಪರ್ಮಿಟ್ ನೋಡಿ. ಆ ದಾರಿಗೆ ದಿನಕ್ಕೆ 500 ಜನರನ್ನು ಮಾತ್ರ ಬಿಡುತ್ತಾರೆ. ಗೈಡು, ಅಡುಗೆಯವರು, ಹಮಾಲರು ಎಲ್ಲ ಅದರಲ್ಲೇ ಸೇರಿದರು. ನಮ್ಮಂಥವರಿಗೆ ಉಳಿಯುವುದು ಸುಮಾರು 200. ಮೇ ತಿಂಗಳಿಗೆ ಬೇಡಿಕೆ ಜಾಸ್ತಿ, ಆರೇಳು ತಿಂಗಳು ಮೊದಲೇ ಹಿಡಿಯಬೇಕು. ನೀವೇ ಸುಮ್ನೆ ಹೋಗಿ ನಡೆಯಲು ಆಗುವುದಿಲ್ಲ, ಲೈಸೆನ್ಸ್ ಇರುವ ಕಂಪನಿಯ ಮೂಲಕವೇ ಹೋಗಬೇಕು. ಪರ್ಮಿಟ್ ಪಾಸ್‌ಪೋರ್ಟ್ ನಂಬರಿನ ಮೇಲೆ ಇರುತ್ತದೆ. ನಡುವೆ ಪಾಸ್‌ಪೋರ್ಟ್ ಬದಲಾಯಿಸುವವರಿದ್ದರೆ ಈಗಲೇ ಮಾಡಿಸಿಕೊಳ್ಳಿ.

ಹಳದಿ ಜ್ವರದ ಲಸಿಕೆ ಮರೆಯಬೇಡಿ. ಪೆರುವಿನಿಂದ ವಾಪಸ್ ಬರುವಾಗ ನಮ್ಮ ವಿಮಾನ ನಿಲ್ದಾಣದಲ್ಲಿ ಅದರ ಕಾರ್ಡ್ ಕೇಳುತ್ತಾರೆ. ಇಲ್ಲದಿದ್ದರೆ 6 ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ಹೊರಡುವ 10 ದಿನ ಮೊದಲೇ ಹಾಕಿಸಿಕೊಂಡಿರಬೇಕು. ಎಲ್ಲ ಆಸ್ಪತ್ರೆಯಲ್ಲೂ ಸಿಗುವುದಿಲ್ಲ, ಅನುಮತಿ ಇರುವ ಕೇಂದ್ರಗಳಲ್ಲಿ ಮಾತ್ರ.

ಮೊಣಕಾಲು ಕೇಳದಿದ್ದರೆ ಚಿಕ್ಕ ದಾರಿಯೂ ಇದೆ. ರೈಲಿನಲ್ಲಿ 104ನೇ ಕಿಲೋಮೀಟರ್ ಕಲ್ಲಿನ ಹತ್ತಿರ ಇಳಿದು ಒಂದೇ ದಿನ ನಡೆಯುವುದು. ನಾನು ಅವ್ವನನ್ನು ಕರೆದುಕೊಂಡು ಹಾಗೇ ಹೋಗಿದ್ದೆ. ವಿನಾಯ್ ವಾಯ್ನಾ ಅನ್ನುವ ಇಂಕಾ ಕಾಲದ ಪಾಳು ಊರು, ಮಾಚು ಪಿಚು ಮೊದಲು ಕಾಣುವ ಸೂರ್ಯದ್ವಾರ ಎರಡೂ ಸಿಗುತ್ತವೆ. ಅವ್ವನಿಗೆ 61, ನಿಧಾನವಾಗಿ ಆರಾಮಾಗಿ ನಡೆದಳು.

ಬೆಳಗಾವಿಯಿಂದ ಉತ್ತರ:

ಮಾಸ್ತರೇ, ನಿಮ್ಮ ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ನಗುವಂಥದ್ದಲ್ಲ.

ನಮ್ಮಪ್ಪ ಬೆಳಗಾವಿ ಎಪಿಎಂಸಿಯಲ್ಲಿ 30 ವರ್ಷ ಹಮಾಲಿ ಮಾಡಿದರು. ಬಟಾಟೆ ಚೀಲ ಹೊತ್ತು ಲಾರಿ ತುಂಬುವುದು. ಕತ್ತಿನ ಹಿಂದೆ, ಚೀಲ ಕೂರುವ ಜಾಗದಲ್ಲಿ ಅವರ ಚರ್ಮ ಕಪ್ಪಾಗಿ, ದಪ್ಪಗಟ್ಟಿ ಹೋಗಿತ್ತು. ಸಣ್ಣವಳಿದ್ದಾಗ ರಾತ್ರಿ ಅಲ್ಲಿಗೆ ಕೊಬ್ಬರಿ ಎಣ್ಣೆ ತಿಕ್ಕುವುದು ನನ್ನ ಕೆಲಸ. ಆ ಬಟಾಟೆ ಆಂಡಿಸ್ ಬೆಟ್ಟದ ಬೆಳೆ, ಅಲ್ಲಿಂದಲೇ ಜಗತ್ತಿಗೆಲ್ಲ ಹೋಯಿತು ಅಂತ ನನಗೆ ಗೊತ್ತಾಗಿದ್ದು ಪೆರುವಿನ ಕುಸ್ಕೊ ಊರಿನ ಮಾರ್ಕೆಟ್ಟಿನಲ್ಲಿ. ನೇರಳೆ, ಕೆಂಪು, ಬೆರಳಿನಷ್ಟು ಉದ್ದದ್ದು, ಗಂಟುಗಂಟಾದದ್ದು. ಅಪ್ಪನಿಗೆ ವಿಡಿಯೋ ಕಾಲ್ ಮಾಡಿ ಒಂದೊಂದನ್ನೂ ತೋರಿಸಿದೆ.

ಎರಡನೇ ದಿನ ಸಂಜೆ ಪಕಾಯ್ಮಾಯೊ ಕ್ಯಾಂಪಿನಲ್ಲಿ ನಮ್ಮ ಗುಂಪಿನ ಹಮಾಲರೊಬ್ಬರು ಹಳ್ಳದ ನೀರಿನಲ್ಲಿ ಮುಖ ತೊಳೆಯುತ್ತಿದ್ದರು. ಅಂಗಿ ತೆಗೆದಿದ್ದರು. ಕತ್ತಿನ ಹಿಂದೆ ಅದೇ ಕಪ್ಪು, ಅದೇ ದಪ್ಪ ಚರ್ಮ. ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟೆ.

ಅಲ್ಲಿ ಕಾನೂನು ಇದೆ. ಒಬ್ಬ ಹಮಾಲರ ಹೊರೆ 20 ಕಿಲೋ ಮೀರಬಾರದು. ನಡಿಗೆ ಶುರುವಾಗುವ ಚೆಕ್‌ಪೋಸ್ಟಿನಲ್ಲಿ ತಕ್ಕಡಿ ಇಟ್ಟು ತೂಗುತ್ತಾರೆ. ಆದರೆ ನಾವು ಹೋದ ಕಂಪನಿಯಲ್ಲಿ ನಡೆದದ್ದು ಕೇಳಿ. ತೂಕ ಮುಗಿದು ಒಂದು ತಾಸು ನಡೆದ ಮೇಲೆ, ತಕ್ಕಡಿಯ ಹತ್ತಿರ ಇರದಿದ್ದ ಒಂದು ಗ್ಯಾಸ್ ಸಿಲಿಂಡರ್ ನಮ್ಮ ಹಮಾಲರ ಹೊರೆಯ ಮೇಲೆ ಬಂದು ಕೂತಿತ್ತು. ಗೈಡಿಗೆ ಕೇಳಿದೆ. ಊಟದವರೆಗೆ ಮಾತ್ರ ಅಂದರು. ಊಟ ಆದಮೇಲೂ ಇತ್ತು. ಎರಡನೇ ದಿನ ನಾವು ಆರು ಜನ ಸೇರಿ, ಇದು ಇಳಿಯುವವರೆಗೆ ನಾವು ಹೊರಡುವುದಿಲ್ಲ ಅಂತ ಕುಳಿತೆವು. ಆಗ ಸಾಮಾನು ಹಂಚಿದರು. ಮೊದಲ ದಿನವೇ ಕುಳಿತುಕೊಳ್ಳಬೇಕಿತ್ತು. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೆ, ಹೊರಿಸಬೇಡಿ ಅಂತ ನಾನು ಹೇಳುವುದಿಲ್ಲ. ಅದು ಅವರ ದುಡಿಮೆ. ಸುಗ್ಗಿ ಮುಗಿದಾಗ ಮನೆ ನಡೆಯುವುದು ಅದರಿಂದಲೇ ಅಂತ ಅವರು ಹೇಳಿದರು. ನೀವು ಹೋಗದಿದ್ದರೆ ಅವರ ಭಾರ ಇಳಿಯುವುದಿಲ್ಲ, ಕೂಲಿ ತಪ್ಪುತ್ತದೆ ಅಷ್ಟೇ. ದುಡ್ಡು ಕಟ್ಟುವ ಮೊದಲು ಕಂಪನಿಗೆ ಬರೆದು ಕೇಳಿ: ಹಮಾಲರಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ, ಅವರು ಮಲಗುವ ಟೆಂಟಿಗೆ ತಳ ಇದೆಯಾ, ನಮ್ಮ ಊಟವೇ ಅವರಿಗೂ ಸಿಗುತ್ತದಾ, ಮಳೆ ಕೋಟು ಯಾರು ಕೊಡುತ್ತಾರೆ. ಉತ್ತರ ಜಾರಿಸಿದರೆ ಬಿಟ್ಟುಬಿಡಿ. ಬಕ್ಷೀಸನ್ನು ಗೈಡಿನ ಕೈಗೆ ಒಟ್ಟಾಗಿ ಕೊಡಬೇಡಿ. ಚಿಲ್ಲರೆ ನೋಟು ಮಾಡಿಸಿಟ್ಟುಕೊಂಡು ಒಬ್ಬೊಬ್ಬರ ಕೈಗೇ ಕೊಡಿ. ದಾರಿಯಲ್ಲಿ ಅವರು ಹಿಂದಿನಿಂದ ಓಡಿ ಬಂದಾಗ ಗುಡ್ಡದ ಕಡೆಗೆ ಸರಿದು ನಿಲ್ಲಿ, ಕಣಿವೆಯ ಕಡೆಗಲ್ಲ. ಟೈರಿನ ಚಪ್ಪಲಿ ಹಾಕಿಕೊಂಡು ಆ ಮೆಟ್ಟಿಲುಗಳ ಮೇಲೆ ಅವರು ಓಡುವುದನ್ನು ನೋಡಿದರೆ ಎದೆ ಝಲ್ ಅನ್ನುತ್ತದೆ.

ಉಸಿರಿನ ಬಗ್ಗೆ. ಬಾದಾಮಿ ಗುಡ್ಡ ಕಾಲಿಗೆ ಒಳ್ಳೆಯದು, ಉಸಿರಿಗೆ ಸಾಕಾಗುವುದಿಲ್ಲ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್. ವಿಮಾನ ಇಳಿಯುವ ಕುಸ್ಕೊ 3,400. ಎರಡನೇ ದಿನದ ವಾರ್ಮಿ ವಾನ್ಯುಸ್ಕಾ ಕಣಿವೆದಾರಿ 4,215. ಸತ್ತ ಹೆಂಗಸು ಅಂತ ಅದರ ಅರ್ಥ, ದೂರದಿಂದ ಬೆಟ್ಟ ಮಲಗಿದ ಹೆಂಗಸಿನ ಹಾಗೆ ಕಾಣುತ್ತದೆ. ಅಲ್ಲಿ ನಾನು ಹತ್ತು ಹೆಜ್ಜೆಗೊಮ್ಮೆ ನಿಂತಿದ್ದೇನೆ. ಕುಸ್ಕೊಗೆ ಇಳಿದ ದಿನವೇ ಗಾಡಿ ಹಿಡಿದು ಒಯಾಂಟಾಯ್ಟಾಂಬೊಗೆ ಹೋಗಿ. ಅದು 2,800 ಮೀಟರ್ ಸುತ್ತಮುತ್ತ. ಎರಡು ರಾತ್ರಿ ಅಲ್ಲಿ ಮಲಗಿ, ಆಮೇಲೆ ನಡೆಯಿರಿ. ಎತ್ತರದ ತೊಂದರೆಗೆ ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆಯ ಬಗ್ಗೆ ನಿಮ್ಮ ಡಾಕ್ಟರನ್ನು ಮೊದಲೇ ಕೇಳಿ. ಕೋಕಾ ಎಲೆಯ ಚಹಾ ಎಲ್ಲ ಕಡೆ ಕೊಡುತ್ತಾರೆ, ಕುಡಿಯಿರಿ. ಒಂದು ಎಲೆಯನ್ನೂ ಚೀಲದಲ್ಲಿ ತರಬೇಡಿ, ನಮ್ಮಲ್ಲಿ ಅದು ಅಪರಾಧ.

ಮೊಣಕಾಲಿಗೆ ಕಷ್ಟ ಮೂರನೇ ದಿನ. ಫುಯುಪಟಮಾರ್ಕಾ ಅನ್ನುವ ಪಾಳು ಊರಿನಿಂದ ವಿನಾಯ್ ವಾಯ್ನಾವರೆಗೆ ಸುಮಾರು ಸಾವಿರ ಮೀಟರ್ ಇಳಿತ, ಎಲ್ಲ ಕಲ್ಲಿನ ಮೆಟ್ಟಿಲು. ಎರಡೂ ಕೈಗೆ ಕೋಲು ಬೇಕು, ತುದಿಗೆ ರಬ್ಬರ್ ಇರಲೇಬೇಕು. ಆದರೆ ಅಷ್ಟು ಇಳಿದದ್ದಕ್ಕೆ ವಿನಾಯ್ ವಾಯ್ನಾ ಸಿಗುತ್ತದೆ. ಬೆಟ್ಟದ ಹೊಟ್ಟೆಗೆ ಬಾಗಿದ ಸಾಲು ಸಾಲು ಹೊಲದ ಮಡಿಗಳು. ಮೆಟ್ಟಿಲಿನ ಪಕ್ಕದಲ್ಲೇ ಒಂದರ ಕೆಳಗೊಂದು ಕಲ್ಲಿನ ತೊಟ್ಟಿಗಳು, ಮೇಲಿನದರಿಂದ ಕೆಳಗಿನದಕ್ಕೆ ನೀರು ಇನ್ನೂ ಬೀಳುತ್ತಿದೆ. ಕೈ ಇಟ್ಟೆ, ಐಸಿನಂತೆ ಕೊರೆಯಿತು. ಮಾಚು ಪಿಚುಗಿಂತ ನನಗೆ ಅದೇ ಜಾಸ್ತಿ ನೆನಪಿದೆ.

ಒಂದು ಮಾತು ಬಿಟ್ಟಿದ್ದೆ. ಹಮಾಲರು ಮಾಚು ಪಿಚುಗೆ ಬರುವುದಿಲ್ಲ. ನಾಲ್ಕನೇ ದಿನ ನಸುಕಿನಲ್ಲೇ ಟೆಂಟು ಮಡಚಿ ಕೆಳಗೆ ರೈಲು ಹಿಡಿಯಲು ಓಡುತ್ತಾರೆ. ನಾವು ಸೂರ್ಯದ್ವಾರದಲ್ಲಿ ನಿಂತು ನೋಡುವಾಗ ಅವರು ಜೊತೆಗಿರಲಿಲ್ಲ. ನಿಮಗೆ ಥ್ಯಾಂಕ್ಸ್ ಹೇಳಬೇಕೆನಿಸಿದರೆ ಹಿಂದಿನ ರಾತ್ರಿಯೇ ಹೇಳಿ.

ಬಾದಾಮಿ ಮಾಸ್ತರ:

ತಾಯಿ, ಎರಡು ಸಲ ಓದಿದೆ. ಮಗಳಿಗೂ ಓದಿ ಹೇಳಿದೆ. ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ.

ಕಲ್ಲಿನ ಬಗ್ಗೆ ಒಂದು ಕೇಳಲಾ? ನಮ್ಮ ಪಟ್ಟದಕಲ್ಲಿನ ಗುಡಿಗಳಲ್ಲೂ ಗಾರೆ ಇಲ್ಲ, ಕಲ್ಲಿನ ಮೇಲೆ ಕಲ್ಲು ಕೂರಿಸಿದ್ದು. ಆದರೆ ಚಾಲುಕ್ಯರ ಕೈಯಲ್ಲಿ ಕಬ್ಬಿಣದ ಉಳಿ ಇತ್ತು, ಕಲ್ಲೂ ಮೆತ್ತನೆಯ ಮರಳುಗಲ್ಲು. ಇಂಕಾ ಜನರಿಗೆ ಕಬ್ಬಿಣವೇ ಗೊತ್ತಿರಲಿಲ್ಲ, ಕೆಲಸ ಮಾಡಿದ್ದು ಗ್ರಾನೈಟಿನ ಮೇಲೆ. ಆ ಸಂದು ನಿಜವಾಗಲೂ ಅಷ್ಟು ಬಿಗಿಯಾ?

ಬೆಳಗಾವಿಯಿಂದ:

ಎಲ್ಲ ಕಡೆ ಅಲ್ಲ ಮಾಸ್ತರೇ. ದಾರಿಯಲ್ಲಿ ಸಿಗುವ ಸಯಾಕ್‌ಮಾರ್ಕಾದಂಥ ಕಡೆ ಒರಟು ಕಲ್ಲಿಗೆ ಮಣ್ಣು ಮೆತ್ತಿ ಕಟ್ಟಿದ ಗೋಡೆಗಳೇ. ಮಾಚು ಪಿಚುವಿನ ಸೂರ್ಯನ ಗುಡಿ ನೋಡಿ, ಅದು ಬೇರೆ. ದುಂಡಗೆ ಬಾಗಿದ ಗೋಡೆ, ಸಂದಿನಲ್ಲಿ ಉಗುರೂ ಹೋಗುವ ಹಾಗಿಲ್ಲ. ಗಟ್ಟಿ ಕಲ್ಲಿನಿಂದಲೇ ಕುಟ್ಟಿ ಕುಟ್ಟಿ ಆಕಾರ ಕೊಟ್ಟಿದ್ದಾರೆ. ಗೋಡೆಗಳು ಸ್ವಲ್ಪ ಒಳಕ್ಕೆ ವಾಲಿವೆ, ಬಾಗಿಲು ಮೇಲೆ ಹೋದಂತೆ ಕಿರಿದಾಗುತ್ತದೆ. ಭೂಕಂಪದ ಸೀಮೆ ಅಲ್ವಾ, ಹಾಗೆ ಕಟ್ಟಿದ್ದರಿಂದಲೇ ನಿಂತಿವೆ. ನೀವು ಗೋಡೆಯ ಹತ್ತಿರ ಎಷ್ಟು ಹೊತ್ತು ನಿಂತರೂ ಮಗಳು ಬೈಯಬಾರದು ಅಂತ ಈಗಲೇ ಹೇಳಿಡಿ.

ಬಾದಾಮಿ ಮಾಸ್ತರ:

ಹೇಳಿಟ್ಟೆ. ಮೂರು ಕಂಪನಿಗೆ ನಿಮ್ಮ ಪ್ರಶ್ನೆಗಳನ್ನೇ ಬರೆದು ಕಳಿಸಿದೆವು. ಒಂದರಿಂದ ಮಾತ್ರ ಪ್ರತಿಯೊಂದಕ್ಕೂ ಉತ್ತರ ಬಂತು, ಕೂಲಿಯ ಲೆಕ್ಕದ ಸಮೇತ. ಅದನ್ನೇ ಹಿಡಿಯುತ್ತೇವೆ. ಹಮಾಲರಿಗೆ ಕೊಡುವ ಚೀಲ 7 ಕಿಲೋ ಮೀರಬಾರದು ಅಂತ ಬರೆದಿದ್ದಾರೆ. ನಿನ್ನೆ ಸಂಜೆ ಚೀಲ ತುಂಬಿ ಓಣಿಯ ಕಿರಾಣಿ ಅಂಗಡಿಯ ತಕ್ಕಡಿಗೆ ಇಟ್ಟೆ. 8 ಕಿಲೋ 400 ಗ್ರಾಂ. ಎರಡನೇ ಜೊತೆ ಬೂಟು, ದಪ್ಪ ಟವೆಲ್ಲು, ಮೂರು ಪುಸ್ತಕ ಹೊರಗೆ ತೆಗೆದೆ. 5 ಕಿಲೋ 900 ಆಯಿತು.