ದೊಡ್ಡ ಕ್ಲೈಂಟ್ ದರ ಇಳಿಸಿ ಅಂತಿದ್ದಾರೆ, ಇಳಿಸಬೇಕಾ?

ಪ್ರಶ್ನೆ:
ನಮಸ್ಕಾರ ಮೇಡಂ. ಮೂರು ವರ್ಷದಿಂದ ಫುಲ್‌ಫಿಲ್‌ಮೆಂಟ್ ಗೋದಾಮು ನಡೆಸುತ್ತಿದ್ದೇನೆ. ಆನ್‌ಲೈನ್‌ನಲ್ಲಿ ಮಾರುವವರ ಮಾಲು ನಮ್ಮಲ್ಲಿ ಇರುತ್ತದೆ. ಆರ್ಡರ್ ಬಂದಂತೆ ತೆಗೆದು, ಪ್ಯಾಕ್ ಮಾಡಿ, ಕೊರಿಯರ್‌ಗೆ ಕೊಡುವುದು ನಮ್ಮ ಕೆಲಸ. ಒಟ್ಟು ಒಂಬತ್ತು ಕ್ಲೈಂಟ್‌ಗಳು. ಅವರಲ್ಲಿ ಒಬ್ಬರದೇ ಹತ್ತಿರ ಹತ್ತಿರ ಅರ್ಧದಷ್ಟು ಆರ್ಡರ್. ಅವರ ಜೊತೆಗೇ ಈಗ ಸಂಬಂಧ ಹಳಸಿದೆ. ಹೋದ ತಿಂಗಳು ಒಂದೇ ಮಾಲಿನ ಎರಡು ಬಣ್ಣ ಅದಲು ಬದಲಾಗಿ ಅರವತ್ತು ಚಿಲ್ಲರೆ ಜನರಿಗೆ ಹೋಯಿತು. ಅವತ್ತಿನಿಂದ ದಿನಕ್ಕೆ ಹತ್ತು ಫೋನ್. ಈಗ ಅಗ್ರಿಮೆಂಟ್ ಮುಗಿಯುತ್ತಾ ಬಂದಿದೆ, ದರ ಇಳಿಸಿದರೆ ಮಾತ್ರ ಮುಂದುವರಿಯುತ್ತೇವೆ ಅಂತಿದ್ದಾರೆ. ನಮ್ಮ ಲೆಕ್ಕದಲ್ಲಿ 99.5% ಸರಿಯಾಗಿ ಹೋಗುತ್ತಿದೆ. ದರ ಇಳಿಸಿ ಉಳಿಸಿಕೊಳ್ಳಲೇ?

ಉತ್ತರ:
ದರದ ವಿಷಯ ಆಮೇಲೆ. ಮೊದಲು ಒಂದು ಹೇಳಿ: ಬಣ್ಣ ಬದಲಾಗಿದೆ ಅಂತ ಅವರಿಗೆ ಗೊತ್ತಾಗಿದ್ದು ಹೇಗೆ? ನೀವು ಹೇಳಿದಿರಾ?

ಪ್ರಶ್ನೆ ಕೇಳಿದವರು:
ಇಲ್ಲ ಮೇಡಂ. ಅವರ ಗ್ರಾಹಕರು ದೂರು ಕೊಟ್ಟಾಗ ಗೊತ್ತಾಯಿತು. ನಮಗೆ ಎರಡು ದಿನ ಮೊದಲೇ ಗೊತ್ತಿತ್ತು. ಸರಿ ಮಾಡಿಯೇ ಹೇಳೋಣ ಅಂದುಕೊಂಡಿದ್ದೆವು.

ಉತ್ತರ:
ಹತ್ತು ಫೋನ್ ಬರುತ್ತಿರುವುದು ಆ ಅರವತ್ತು ಪಾರ್ಸಲ್‌ಗಾಗಿ ಅಲ್ಲ, ಆ ಎರಡು ದಿನಕ್ಕಾಗಿ. "ಇವರು ಹೇಳುವುದಿಲ್ಲ, ನಾವೇ ಕೇಳಬೇಕು" ಅಂತ ಅವರಿಗೆ ಅನಿಸಿಬಿಟ್ಟಿದೆ. ದರ ಇಳಿಸಿದರೆ ಈ ಅನಿಸಿಕೆ ಹೋಗುವುದಿಲ್ಲ. ಕಡಿಮೆ ದುಡ್ಡಿಗೆ ಅದೇ ಹತ್ತು ಫೋನ್ ಎತ್ತುತ್ತೀರಿ, ಅಷ್ಟೇ.

ನಾನು ಈ ಕೆಲಸದಲ್ಲಿ ಕ್ಲೈಂಟ್‌ಗಳ ಕಡೆ ನೋಡಿಕೊಂಡು ಬಂದವಳು. ತಪ್ಪು ಮಾಡದ ಗೋದಾಮು ನಾನಂತೂ ನೋಡಿಲ್ಲ. ಕ್ಲೈಂಟ್‌ಗಿಂತ ಮೊದಲು ತಾನೇ ಫೋನ್ ಮಾಡುವ ಗೋದಾಮು ಮಾತ್ರ ಬಹಳ ಕಡಿಮೆ.

ನಿಮ್ಮ 99.5% ವಿಷಯ. ಅದು ಆರ್ಡರ್ ಲೆಕ್ಕವೋ, ಐಟಂ ಲೆಕ್ಕವೋ? ಒಂದು ಆರ್ಡರ್‌ನಲ್ಲಿ ನಾಲ್ಕು ಬಗೆಯ ಐಟಂ ಇದ್ದು, ಒಂದೊಂದೂ 99.5% ಸರಿ ಅಂದರೆ, ಪೂರ್ತಿ ಸರಿಯಾಗಿ ಹೋಗುವ ಆರ್ಡರ್ ಸುಮಾರು 98% ಮಾತ್ರ. 10,000 ಆರ್ಡರ್‌ಗೆ ನೀವು 50 ತಪ್ಪು ಅಂದುಕೊಂಡಿರುತ್ತೀರಿ, ಅವರಿಗೆ ಹತ್ತಿರ ಹತ್ತಿರ 200 ಬೈಗುಳ ಬಂದಿರುತ್ತವೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೂ ಜಗಳ. ಅಗ್ರಿಮೆಂಟ್‌ನಲ್ಲಿ ಯಾವ ಲೆಕ್ಕ ಅಂತ ಬರೆಯದಿದ್ದರೆ ಹೀಗೇ ಆಗುತ್ತದೆ.

"ಡಿಸ್ಪ್ಯಾಚ್ ಆಯಿತು" ಅನ್ನುವ ಮಾತೂ ಹಾಗೆಯೇ. ಲೇಬಲ್ ಪ್ರಿಂಟ್ ಆದರೆ ನಿಮ್ಮ ಸಿಸ್ಟಂನಲ್ಲಿ ಹೋದ ಹಾಗೆ. ಆದರೆ ಕೊರಿಯರ್‌ನವರು ಸ್ಕ್ಯಾನ್ ಮಾಡುವವರೆಗೂ ಗ್ರಾಹಕರ ಟ್ರ್ಯಾಕಿಂಗ್‌ನಲ್ಲಿ ಪಾರ್ಸಲ್ ಇದ್ದಲ್ಲೇ ಇರುತ್ತದೆ. ಕಟ್‌ಆಫ್, ಅಂದರೆ ಅವತ್ತೇ ಕಳಿಸಬೇಕಾದ ಆರ್ಡರ್ ಬರಲು ಕೊನೆಯ ಹೊತ್ತು, ಎರಡು ಗಂಟೆ ಅಂತಿಟ್ಟುಕೊಳ್ಳಿ. ಗ್ರಾಹಕರು ಆರ್ಡರ್ ಹಾಕಿದ ಹೊತ್ತೋ, ಅದು ನಿಮ್ಮ ಸಿಸ್ಟಂಗೆ ಇಳಿದ ಹೊತ್ತೋ? ನಡುವೆ ವಿಳಾಸ ಸರಿಯಿಲ್ಲ, ಹಣ ಬಂದಿಲ್ಲ ಅಂತ ಕ್ಲೈಂಟ್ ಕಡೆಯೇ ಆರ್ಡರ್ ತಡೆದಿದ್ದರೆ ಆ ಹೊತ್ತು ಯಾರ ಖಾತೆಗೆ? ಹೊಸ ಅಗ್ರಿಮೆಂಟ್‌ನಲ್ಲಿ ದರಕ್ಕಿಂತ ಮೊದಲು ಇದನ್ನು ಕೂತು ಬರೆಯಿರಿ.

ಇವತ್ತು ಮಾಡಬೇಕಾದದ್ದು ಹೇಳುತ್ತೇನೆ. ಬಣ್ಣ ಬದಲಾಗಿದ್ದಕ್ಕೆ ಒಂದು ಪುಟದ ಪತ್ರ ಬರೆಯಿರಿ. ಏನಾಯಿತು, ಎಷ್ಟು ಪಾರ್ಸಲ್, ಎಷ್ಟು ವಾಪಸ್ ಬಂತು, ಎರಡು ಬಾರಿ ಕಳಿಸಿದ ಕೊರಿಯರ್ ಖರ್ಚು ಯಾರದು, ಮತ್ತೆ ಆಗದಂತೆ ಏನು ಬದಲಿಸಿದಿರಿ. "ಹುಡುಗರಿಗೆ ಬುದ್ಧಿ ಹೇಳಿದ್ದೇವೆ" ಅಂತ ಮಾತ್ರ ಬರೆಯಬೇಡಿ, ಅದನ್ನು ಯಾರೂ ನಂಬುವುದಿಲ್ಲ. ಎರಡು ಬಣ್ಣ ಅಕ್ಕಪಕ್ಕದ ಬಿನ್‌ನಲ್ಲಿದ್ದು (ಬಿನ್ ಅಂದರೆ ಮಾಲು ಇಡುವ ಖಾನೆ), ಹುಡುಗರು ಬಿನ್ ಮಾತ್ರ ಸ್ಕ್ಯಾನ್ ಮಾಡಿ ಐಟಂ ಬಾರ್‌ಕೋಡ್ ಬಿಟ್ಟಿದ್ದರೆ, ಅದು ಹುಡುಗರ ತಪ್ಪಲ್ಲ, ನೀವು ಹಾಕಿದ ಪದ್ಧತಿಯ ತಪ್ಪು. ಅದನ್ನೇ ಬರೆಯಿರಿ.

ನಾಳೆಯಿಂದ ದಿನಾ ಸಂಜೆ ನಾಲ್ಕು ಸಾಲು ಕಳಿಸಿ. ಬಂದ ಆರ್ಡರ್, ಹೋದ ಆರ್ಡರ್, ಉಳಿದದ್ದು, ಉಳಿದದ್ದಕ್ಕೆ ಕಾರಣ. ಅವರು ಕೇಳುವ ಮೊದಲೇ ಹೋಗಬೇಕು.

ಇನ್ನೊಬ್ಬ ಸದಸ್ಯರು:
ಮೇಡಂ, ನಮ್ಮಲ್ಲಿ ಗಲಾಟೆ ಎಲ್ಲ ಮಾಲು ಒಳಗೆ ಬರುವಾಗಲೇ. ಹೇಳದೆ ಕೇಳದೆ ಲಾರಿ ಬರುತ್ತದೆ. ಮರುದಿನವೇ ವೆಬ್‌ಸೈಟ್‌ನಲ್ಲಿ ಸ್ಟಾಕ್ ಕಾಣಬೇಕಂತೆ. ಎಣಿಸಿದರೆ ಕಡಿಮೆ, ಕಡಿಮೆ ಅಂದರೆ ನಮ್ಮ ಮೇಲೇ ಅನುಮಾನ.

ಉತ್ತರ:
ಬಾಕ್ಸ್ ಮೇಲೆ 24 ಅಂತಿದೆ, ಒಳಗೆ 23 ಇದೆ. ಒಡೆಯದೆ "24 ಬಂತು" ಅಂತ ಸಹಿ ಹಾಕಿದಿರೋ, ಆ ಒಂದು ನಿಮ್ಮ ತಲೆಗೆ ಬಂತು. ಎಲ್ಲ ಒಡೆದು ಎಣಿಸಲು ಆಗದಿದ್ದರೆ "ಬಾಕ್ಸ್ ಮಾತ್ರ ಎಣಿಸಿದ್ದೇವೆ, ಒಳಗಿನದು ಎಣಿಸಿಲ್ಲ" ಅಂತ ರಸೀದಿಯ ಮೇಲೆ ಬರೆದು, ಫೋಟೋ ತೆಗೆದಿಡಿ. ಸ್ಟಾಕ್ ಕಾಣಿಸುವ ಗಡುವು ಲಾರಿ ಬಂದಾಗಿನಿಂದ ಅಲ್ಲ, ಏನೇನು ಬರುತ್ತಿದೆ ಅನ್ನುವ ಪಟ್ಟಿ ಮತ್ತು ಬಾರ್‌ಕೋಡ್ ಸರಿಯಾಗಿರುವ ಮಾಲು ಎರಡೂ ಕೈ ಸೇರಿದಾಗಿನಿಂದ. ಬಾರ್‌ಕೋಡ್ ಇಲ್ಲದಿದ್ದರೆ ಅಂಟಿಸುವ ಕೆಲಸಕ್ಕೆ ಬೇರೆ ಚಾರ್ಜ್, ಮೊದಲೇ ಹೇಳಿ.

ಸ್ಟಾಕ್ ಎಣಿಕೆಯ ವರದಿ ಕೊಡುವಾಗಲೂ ನೋಡಿಕೊಳ್ಳಿ. ಕೆಂಪು ಐದು ಜಾಸ್ತಿ, ನೀಲಿ ಐದು ಕಡಿಮೆ, ಒಟ್ಟು ವ್ಯತ್ಯಾಸ ಸೊನ್ನೆ ಅಂತ ತೋರಿಸುವವರಿದ್ದಾರೆ. ಸೊನ್ನೆ ಅಲ್ಲ ಅದು, ಹತ್ತು ತಪ್ಪು. ಒಂದು ದಿನ ಕ್ಲೈಂಟ್‌ಗೆ ಗೊತ್ತಾದರೆ ಹಿಂದಿನ ವರದಿಗಳನ್ನೂ ನಂಬುವುದಿಲ್ಲ.

ಮಾರಾಟಗಾರರೊಬ್ಬರು:
ನಾನು ಆ ಕಡೆಯವನು, ಅಂದರೆ ಕ್ಲೈಂಟ್! ನಮಗೆ ತಲೆನೋವು ಬಿಲ್. ಒಂದು ಕೆಜಿ ಮಾಲಿಗೆ ಐದು ಕೆಜಿ ಚಾರ್ಜ್ ಬರುತ್ತಿತ್ತು. ಕೇಳಿದರೆ "ಕೊರಿಯರ್‌ನವರು ಹಾಕಿದ್ದು, ನಾವೇನು ಮಾಡೋಣ" ಅಂತ ಉತ್ತರ.

ಉತ್ತರ:
ಸರ್, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಬಹಳಷ್ಟು ಕೊರಿಯರ್‌ಗಳು ಬಾಕ್ಸಿನ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತವೆ. ಆ ತೂಕ, ನಿಜವಾದ ತೂಕ, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ಚಾರ್ಜ್. 40×30×20 ಬಾಕ್ಸ್ ಅಂದರೆ 4.8 ಕೆಜಿ, ಬಿಲ್‌ನಲ್ಲಿ ಅದು ಐದಾಗಿಬಿಡುತ್ತದೆ. ಅದೇ ಮಾಲು 30×20×15ರಲ್ಲಿ ಹಿಡಿದರೆ 1.8 ಕೆಜಿ. ಬಾಕ್ಸ್ ಆರಿಸಿದ್ದು ಯಾರು? ಗೋದಾಮು. ಸಣ್ಣ ಬಾಕ್ಸ್ ಖಾಲಿಯಾಗಿದೆ ಅಂತ ಪ್ಯಾಕ್ ಮಾಡುವವರು ಕೈಗೆ ಸಿಕ್ಕಿದ್ದು ಎತ್ತಿಕೊಂಡರೆ, ಆ ಹೆಚ್ಚುವರಿ ದುಡ್ಡು ಕ್ಲೈಂಟ್ ಕೊಡಬೇಕಾಗಿಲ್ಲ. ಯಾವ ಮಾಲಿಗೆ ಯಾವ ಬಾಕ್ಸ್ ಅಂತ ಇಬ್ಬರೂ ಒಪ್ಪಿದ ಪಟ್ಟಿ ಇರಲಿ.

ಮತ್ತೊಬ್ಬ ಸದಸ್ಯರು:
ದುಡ್ಡು ಕೊಡದ ಕ್ಲೈಂಟ್‌ನ ಮಾಲು ಹಿಡಿದಿಟ್ಟುಕೊಳ್ಳಬಹುದಾ?

ಉತ್ತರ:
ಅಗ್ರಿಮೆಂಟ್‌ನಲ್ಲಿ ಏನಿದೆ, ನಿಮ್ಮಲ್ಲಿನ ಕಾನೂನು ಏನು ಹೇಳುತ್ತದೆ ಅನ್ನುವುದರ ಮೇಲೆ ಹೋಗುತ್ತದೆ. ವಕೀಲರಿಗೆ ತೋರಿಸದೆ ಕೈ ಹಾಕಬೇಡಿ. ಅದಕ್ಕಿಂತ, ಕೊರಿಯರ್ ಖರ್ಚಿಗೆ ಮೊದಲೇ ಡೆಪಾಸಿಟ್ ಇಸಿದುಕೊಳ್ಳಿ. ಬಾಡಿಗೆ ಬಾಕಿ ಆದರೆ ಹೇಗೋ ಸಹಿಸಿಕೊಳ್ಳಬಹುದು. ಅವರ ಪರವಾಗಿ ನೀವು ಕೊರಿಯರ್‌ಗೆ ಕಟ್ಟಿದ ದುಡ್ಡು ಮುಳುಗಿದರೆ ಗೋದಾಮೇ ಮುಳುಗುತ್ತದೆ.

ಪ್ರಶ್ನೆ ಕೇಳಿದವರು:
ಮೇಡಂ, ಪತ್ರ ಕಳಿಸಿದೆ. ಒಂದು ಭಯ ಇದೆ. ಇಷ್ಟೆಲ್ಲ ಬರೆದುಕೊಟ್ಟ ಮೇಲೂ ಅವರು ಬಿಟ್ಟು ಹೋದರೆ?

ಉತ್ತರ:
ಹೋಗಬಹುದು. ಅರ್ಧ ಆರ್ಡರ್ ಒಬ್ಬರದೇ ಆಗಿರುವುದು ಅವರು ಉಳಿದರೂ ಅಪಾಯವೇ, ಅದನ್ನು ಬೇರೆಯಾಗಿ ಯೋಚಿಸಿ. ಹೊರಡುವ ಷರತ್ತನ್ನು ಈಗಲೇ ಬರೆಯಿರಿ: ಎಷ್ಟು ದಿನದ ನೋಟಿಸ್, ಕೊನೆಯ ಎಣಿಕೆ ಇಬ್ಬರೂ ಸೇರಿ, ಲೋಡಿಂಗ್ ಖರ್ಚು ಯಾರದು, ಬಾಕಿ ರಿಟರ್ನ್‌ಗಳು ಎಲ್ಲಿಗೆ. ಒಪ್ಪಂದ ಚೆನ್ನಾಗಿರುವಾಗ ಇದನ್ನು ಬರೆಯಲು ಮುಜುಗರ, ಕೆಟ್ಟ ಮೇಲೆ ಬರೆಯಲು ಯಾರೂ ಕೂರುವುದಿಲ್ಲ. ಇನ್ನು ದರ. ಇಳಿಸಲೇಬೇಕು ಅಂತಾದರೆ ಬದಲಿಗೆ ಏನಾದರೂ ಕೇಳಿ. ಮುಂದಿನ ಮೂರು ತಿಂಗಳ ಆರ್ಡರ್ ಅಂದಾಜು ಮೊದಲೇ ಕೊಡಲಿ, ಮಾಲಿಗೆ ಬಾರ್‌ಕೋಡ್ ಅವರೇ ಅಂಟಿಸಿ ಕಳಿಸಲಿ. ನಿಮ್ಮ ಖರ್ಚು ನಿಜವಾಗಿ ಇಳಿಯುವಷ್ಟು ಮಾತ್ರ ದರ ಇಳಿಸಿ.

ಪ್ರಶ್ನೆ ಕೇಳಿದವರು (ನಾಲ್ಕು ದಿನದ ನಂತರ):
ದರದ ಮಾತು ಇನ್ನೂ ಮುಗಿದಿಲ್ಲ. ಫೋನ್ ಇವತ್ತು ಮೂರು ಬಂತು. ಆ ಎರಡು ಬಣ್ಣಗಳ ಬಿನ್ ದೂರ ಮಾಡಿದೆವು. ಹಾಗೆ ಮಾಡುವಾಗ ಅವರದೇ ಇನ್ನೊಂದು ಮಾಲಿನ ಎರಡು ಸೈಜ್ ಬೆರೆತಿರುವುದು ಕಂಡಿತು. ಯಾವ ಗ್ರಾಹಕರೂ ಇನ್ನೂ ದೂರು ಕೊಟ್ಟಿಲ್ಲ. ಇದನ್ನೂ ಹೇಳಬೇಕಾ ಮೇಡಂ? ಈಗಷ್ಟೇ ಸ್ವಲ್ಪ ತಣ್ಣಗಾಗಿದ್ದಾರೆ...

ಉತ್ತರ:
ಎಷ್ಟು ಬೆರೆತಿದೆ ಎಣಿಸಿ. ಹೇಳಿ. ಸಂಜೆಯ ನಾಲ್ಕು ಸಾಲಿನವರೆಗೆ ಕಾಯಬೇಡಿ, ಈಗಲೇ ಫೋನ್ ಮಾಡಿ.