ಬ್ಯಾಟರಿ ಉಬ್ಬಿದೆಯೋ, ಊದಿದೆಯೋ, ಬಾತಿದೆಯೋ?

ಪ್ರಶ್ನೆ: ರಾಯಚೂರಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನ ಗೋಡೆಗೆ ಹಚ್ಚಲು ಎಚ್ಚರಿಕೆಯ ಹಾಳೆ ಬರೆಯಬೇಕಾಗಿದೆ. ಲ್ಯಾಪ್‌ಟಾಪ್ ಬ್ಯಾಟರಿ ದಪ್ಪಗಾಗಿ ಕೆಳಗಿನ ಮುಚ್ಚಳ ಎದ್ದು ಬರುವುದಕ್ಕೆ ಇಲ್ಲಿ ಒಬ್ಬರು ‘ಉಬ್ಬ್ಯಾದ’ ಅಂತಾರೆ, ಇನ್ನೊಬ್ಬರು ‘ಬಾತದ’, ರಿಪೇರಿಯವರು ‘ಗ್ಯಾಸ್ ತುಂಬ್ಯಾದ’. ‘ಊದಿಕೊಂಡಿದೆ’, ‘ಉಬ್ಬರ’ ಎಂದು ಬರೆಯುವವರೂ ಇದ್ದಾರೆ. ಹಾಳೆಯಲ್ಲಿ ಯಾವುದನ್ನು ಇಡೋಣ? ಬದಲಿ ಬ್ಯಾಟರಿಯ ವಿಷಯಕ್ಕೆ ‘ಒರಿಜಿನಲ್ ಬಿಟ್ಟು ಉಳಿದದ್ದೆಲ್ಲ ನಕಲಿ’ ಎಂದು ಬರೆದರೆ ತಪ್ಪಾಗುತ್ತದೆಯೇ, ಸರ್?

ಉತ್ತರ: ‘ಉಬ್ಬಿದೆ’ ಎಂದೇ ಬರೆಯಿರಿ ಮೇಡಂ. ಈಗಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಬ್ಯಾಟರಿಯೊಳಗಿನ ಒಂದೊಂದು ಸೆಲ್ಲೂ ಅಲ್ಯೂಮಿನಿಯಂ ಪದರದ ಮೆತ್ತನೆಯ ಚೀಲ. ಶಾಖ, ವಯಸ್ಸು, ಅತಿ ಚಾರ್ಜು ಇವುಗಳಿಂದ ಒಳಗಿನ ಎಲೆಕ್ಟ್ರೋಲೈಟ್ ದ್ರವ ಒಡೆದು ಅನಿಲವಾಗುತ್ತದೆ. ಹೊರಬರಲು ದಾರಿಯಿಲ್ಲದೆ ಚೀಲ ಮೇಲೇಳುತ್ತದೆ. ಹೆಂಚಿನ ಮೇಲಿನ ಜೋಳದ ರೊಟ್ಟಿಯಲ್ಲಿ ಆಗುವುದೂ ಇದೇ: ಎರಡು ಪದರದ ನಡುವೆ ಹಬೆ ಸಿಕ್ಕಿಕೊಂಡು ರೊಟ್ಟಿ ಉಬ್ಬುತ್ತದೆ. ಹಳೆಯ, ಹೊರಗೆ ತೆಗೆದು ಹಾಕುವ ಬ್ಯಾಟರಿಗಳಲ್ಲಿ ಸೆಲ್ಲುಗಳು ಸಾಮಾನ್ಯವಾಗಿ ಉಕ್ಕಿನ ಕೊಳವೆಯೊಳಗೆ ಇರುತ್ತಿದ್ದವು, ಆದ್ದರಿಂದ ಈ ಉಬ್ಬು ಅಷ್ಟಾಗಿ ಕಣ್ಣಿಗೆ ಬೀಳುತ್ತಿರಲಿಲ್ಲ.

‘ಬಾತಿದೆ’ ಎನ್ನುವುದು ಮೈಗೆ ಸೇರಿದ ಮಾತು. ಕಾಲು ಬಾತರೆ ಎಣ್ಣೆ ಹಚ್ಚುತ್ತೇವೆ, ನಾಲ್ಕು ದಿನಕ್ಕೆ ಬಾವು ಇಳಿಯುತ್ತದೆ. ಬ್ಯಾಟರಿಯದು ಇಳಿಯುವುದಿಲ್ಲ. ‘ಉಬ್ಬರ’ಕ್ಕೂ ಇದೇ ತೊಡಕು, ಅದರ ಬೆನ್ನಿಗೇ ‘ಇಳಿತ’ ಕೇಳಿಸುತ್ತದೆ. ‘ಊದಿಕೊಂಡಿದೆ’ ತಪ್ಪೇನಲ್ಲ, ಆದರೆ ಹಲ್ಲುನೋವಿಗೆ ಊದಿದ ಕೆನ್ನೆ ಮೊದಲು ನೆನಪಾಗುತ್ತದೆ. ನನಗೆ ನಿಜಕ್ಕೂ ಭಯವಿರುವುದು ‘ಗ್ಯಾಸ್ ತುಂಬ್ಯಾದ’ ಎಂಬುದರ ಬಗ್ಗೆ. ಸಂಗತಿ ಸರಿಯೇ, ಆದರೆ ಕೇಳಿದವರು ಮರುಕ್ಷಣವೇ ‘ಹಂಗಾದ್ರ ಗ್ಯಾಸ್ ತಗದ್ರಾತು’ ಅನ್ನುತ್ತಾರೆ. ತೂತು ಬಿದ್ದರೆ ರೊಟ್ಟಿ ಸುಮ್ಮನೆ ಚಪ್ಪಟೆಯಾಗುತ್ತದೆ. ಸೆಲ್ಲಿಗೆ ಸೂಜಿ ಚುಚ್ಚಿದರೆ ಒಳಗಿನ ಧನ, ಋಣ ಪದರಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗುತ್ತವೆ. ಹೊರಬರುವ ಅನಿಲದಲ್ಲಿ ಹೈಡ್ರೋಜನ್, ಕಾರ್ಬನ್ ಮೊನಾಕ್ಸೈಡ್‌ನಂಥ ಉರಿಯುವ ಅನಿಲಗಳಿರುತ್ತವೆ, ಹೊಗೆಯಲ್ಲಿ ವಿಷವಿರುತ್ತದೆ. ‘ಚುಚ್ಚಬೇಡಿ, ಒತ್ತಬೇಡಿ’ ಎಂಬ ಎರಡು ಮಾತು ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರಲಿ. ರೊಟ್ಟಿಯನ್ನು ಬಟ್ಟೆಯಿಂದ ಒತ್ತಿ ಒತ್ತಿ ರೂಢಿಯಾದ ಕೈ, ಎದ್ದ ಮುಚ್ಚಳವನ್ನೂ ಒತ್ತಿ ಸ್ಕ್ರೂ ಬಿಗಿಯಲು ಹೋಗುತ್ತದೆ.

ಗುರುತುಗಳನ್ನು ಹೀಗೆ ಬರೆಯಬಹುದು: ಟಚ್‌ಪ್ಯಾಡ್ ಒತ್ತಿದರೆ ಟಕ್ ಎನ್ನುವುದಿಲ್ಲ, ಸಮ ಮೇಜಿನ ಮೇಲಿಟ್ಟರೂ ಲ್ಯಾಪ್‌ಟಾಪ್ ಅಲುಗಾಡುತ್ತದೆ, ಅಂಚಿನಲ್ಲಿ ಉಗುರು ತೂರುವಷ್ಟು ಸಂದು ಬಿಟ್ಟಿರುತ್ತದೆ. ಇವುಗಳಲ್ಲಿ ಒಂದು ಕಂಡರೂ ಶಟ್‌ಡೌನ್ ಮಾಡಿ ಚಾರ್ಜರ್ ಕೀಳಬೇಕು. ‘ಚಾರ್ಜಿಗೆ ಹಚ್ಚಬೇಡಿ’ ಎಂದೇ ಬರೆಯಿರಿ, ಇಲ್ಲಿ ಎಲ್ಲರ ಬಾಯಲ್ಲಿರುವುದು ಅದೇ.

ತೆಗೆಯುವ ಕೆಲಸ ಗೊತ್ತಿದ್ದವರು ಮಾಡಲಿ. ಮುಚ್ಚಳ ಬಿಚ್ಚಿದ ಮೇಲೆ ಮೊದಲ ಕೆಲಸ ಮದರ್‌ಬೋರ್ಡಿನಿಂದ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು, ಅದೂ ಪ್ಲಾಸ್ಟಿಕ್ ಪಟ್ಟಿಯಿಂದ, ವೈರು ಹಿಡಿದು ಎಳೆಯದೆ. ಆಮೇಲೆ ಬ್ಯಾಟರಿಯ ಸ್ಕ್ರೂಗಳು. ಅಂಟು ಹಾಕಿ ಕೂಡಿಸಿದ ಬ್ಯಾಟರಿಯಾದರೆ ಸ್ಕ್ರೂಡ್ರೈವರ್ ಹಾಕಿ ಮೀಟಬಾರದು, ಚೀಲ ಹರಿಯುವುದು ಅಲ್ಲೇ. ತೆಗೆದದ್ದರ ಕನೆಕ್ಟರಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಒಣ ಮರಳು ಹಾಕಿದ ಡಬ್ಬಿಯಲ್ಲಿಟ್ಟು, ಮುಚ್ಚಳ ಬಿಗಿಯದೆ ಹೊರಗೆ ನೆರಳಿನಲ್ಲಿಡಿ. ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ, ತಗಡಿನ ಮಾಳಿಗೆ ಕೆಳಗಾಗಲಿ ನಿಲ್ಲಿಸಿದ ಕಾರಿನಲ್ಲಾಗಲಿ ಇಡಬಾರದು. ಕಸದ ಗಾಡಿಗೂ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿಯಮದಂತೆ ಹಳೆಯದನ್ನು ಮರಳಿ ಪಡೆದು ವಿಲೇವಾರಿ ಮಾಡುವ ಹೊಣೆ ತಯಾರಕರದು. ಆದ್ದರಿಂದ ಮೊದಲು ಸರ್ವಿಸ್ ಸೆಂಟರಿನಲ್ಲಿ ಕೇಳಿ.

ಇನ್ನು ‘ನಕಲಿ’. ನೀವು ಬರೆಯಬೇಕೆಂದಿರುವ ಸಾಲು ಸರಿಯಲ್ಲ. ಮೂರು ಬಗೆಯಿವೆ, ಮೂರಕ್ಕೂ ಬೇರೆ ಹೆಸರು ಬೇಕು. ಲ್ಯಾಪ್‌ಟಾಪ್ ಕಂಪನಿಯದೇ ಆದರೆ ‘ಕಂಪನಿ ಮಾಲು’. ಬೇರೆ ತಯಾರಕರು ತಮ್ಮದೇ ಹೆಸರು ಹಾಕಿ ಮಾರಿದರೆ ಅದು ‘ಹೊಂದುವ ಬ್ಯಾಟರಿ’, ಅದನ್ನು ನಕಲಿ ಎಂದರೆ ಅನ್ಯಾಯ. ಇನ್ನೊಬ್ಬರ ಹೆಸರಿನ ಸ್ಟಿಕ್ಕರ್ ಅಂಟಿಸಿದ್ದು ಮಾತ್ರ ನಕಲಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಕೆಳಗೆ ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು (ಮಾನಕ ಐಎಸ್ 16046). ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ, ಬರುವ ತಯಾರಕರ ಹೆಸರೂ ಸ್ಟಿಕ್ಕರಿನ ಹೆಸರೂ ಒಂದೇ ಇದೆಯೇ ನೋಡಬೇಕು.

ಅಂಗಡಿಗೆ ಲ್ಯಾಪ್‌ಟಾಪಿನ ಮಾಡೆಲ್ ಹೇಳಿದರೆ ಸಾಲದು, ಹಳೆ ಬ್ಯಾಟರಿಯ ಮೇಲಿನ ಪಾರ್ಟ್ ನಂಬರ್ ಬೇಕು. ಒಂದೇ ಮಾಡೆಲ್ಲಿಗೆ ಎರಡು ಅಳತೆಯ ಬ್ಯಾಟರಿ ಬರುವುದುಂಟು. ವೋಲ್ಟೇಜು ಅದೇ ಇರಲಿ. 11.1 ಮತ್ತು 11.4 ವೋಲ್ಟ್ ‘ಹೆಚ್ಚೂಕಮ್ಮಿ ಒಂದೇ’ ಎಂಬ ಮಾತನ್ನು ಒಪ್ಪಬೇಡಿ. ಎರಡರಲ್ಲೂ ಮೂರು ಸೆಲ್ಲು ಸಾಲಾಗಿ ಜೋಡಿಸಿರುತ್ತಾರೆ. ಸಾಮಾನ್ಯವಾಗಿ ಮೊದಲನೆಯದರ ಒಂದೊಂದು ಸೆಲ್ಲು 4.2 ವೋಲ್ಟಿಗೆ ತುಂಬುತ್ತದೆ, ಎರಡನೆಯದರದು 4.35ಕ್ಕೆ. ಸ್ಟಿಕ್ಕರ್ 11.4 ಎಂದಿದ್ದು ಒಳಗೆ 4.2ರ ಸೆಲ್ಲಿದ್ದರೆ ಪ್ರತಿ ಸಲವೂ ಅತಿಯಾಗಿ ತುಂಬಿ ಮತ್ತೆ ಉಬ್ಬುತ್ತದೆ. ಲೆಕ್ಕವನ್ನೂ ಹಾಕಿ: 11.4 ವೋಲ್ಟ್, 3,600 ಎಂಎಎಚ್ (ಮಿಲಿ ಆಂಪಿಯರ್ ಅವರ್) ಗುಣಿಸಿ ಸಾವಿರದಿಂದ ಭಾಗಿಸಿದರೆ ಸುಮಾರು 41 ವ್ಯಾಟ್ ಅವರ್, ಅಂದರೆ ಬ್ಯಾಟರಿ ಹಿಡಿದಿಡುವ ಒಟ್ಟು ಶಕ್ತಿ. ಅದೇ ಸ್ಟಿಕ್ಕರಿನಲ್ಲಿ 58 ಎಂದಿದ್ದರೆ ವಾಪಸ್ ಕೊಡಿ. ತಯಾರಾದ ತಿಂಗಳನ್ನೂ ನೋಡಿ, ಗೋದಾಮಿನಲ್ಲಿ ವರ್ಷಗಟ್ಟಲೆ ಬಿದ್ದ ಸೆಲ್ಲು ಬಳಸದೆಯೂ ಮುದಿಯಾಗಿರುತ್ತದೆ.

ಲ್ಯಾಬಿನ ಲ್ಯಾಪ್‌ಟಾಪ್‌ಗಳು ದಿನವಿಡೀ ಚಾರ್ಜಿನಲ್ಲೇ ಇರುವುದರಿಂದ, ಸೆಟ್ಟಿಂಗಿನಲ್ಲಿ ಚಾರ್ಜಿನ ಮಿತಿಯನ್ನು 80 ಪ್ರತಿಶತಕ್ಕೆ ಇಡುವ ಸೌಲಭ್ಯವಿದ್ದರೆ ಇಡಿಸಿ. ಹಾಳೆಯ ತಲೆಬರಹಕ್ಕೆ ನನ್ನ ಸಲಹೆ: ‘ಬ್ಯಾಟರಿ ಉಬ್ಬಿದರೆ ಚಾರ್ಜಿಗೆ ಹಚ್ಚಬೇಡಿ, ಒತ್ತಬೇಡಿ, ಚುಚ್ಚಬೇಡಿ. ಬಂದ್ ಮಾಡಿ, ಲ್ಯಾಬಿನವರನ್ನು ಕರೆಯಿರಿ.’